ಎರಡನೆಯ ಲಿಯೋ

ಕಚಲ್ಲಾ ಬೋರ್ಡು ಬರೆಯುವವನು. ಕ್ಷೌರದಂಗಡಿಯ ತಲೆಗಳು, ಔಷಧಿ ಅಂಗಡಿಯ ಹಾವು, ಲಾರಿಗಳ ಹಿಂದಿನ ‘ದೇವರು ದೊಡ್ಡವನು’, ಹೀಗೆ ಉತ್ತರ ಕ್ಯಾಮರೂನಿನ ಬಾಮಾರೆಯಿಂದ ಮರುವಾ ಪೇಟೆಯವರೆಗೆ ರಸ್ತೆಯ ಎರಡೂ ಕಡೆ ಒಂದು ಕಾಲಕ್ಕೆ ಇದ್ದದ್ದೆಲ್ಲ ಅವನ ಕೈಬರಹವೇ. ಆಮೇಲೆ ಮರುವಾಕ್ಕೆ ಬ್ಯಾನರ್ ಮುದ್ರಿಸುವ ಯಂತ್ರ ಬಂತು ನೋಡಿ, ಹಾಳಾದ್ದು! ಮೊದಲು ಕ್ಷೌರಿಕ ಕೈಕೊಟ್ಟ, ಆಮೇಲೆ ಔಷಧಿಯವನು, ಕೊನೆಗೆ ಸ್ವಂತ ಭಾವಮೈದುನನೇ ತನ್ನ ಸೈಕಲ್ ಶಾಪಿಗೆ ಪ್ಲಾಸ್ಟಿಕ್ ಬ್ಯಾನರ್ ಕಟ್ಟಿಸಿದ. ಅವನ ಮನೆಗೆ ಕಚಲ್ಲಾ ಆಮೇಲೆ ಹೋಗಲಿಲ್ಲ. ಹೋದರೂ ಚಹಾ ಕುಡಿಯಲಿಲ್ಲ. ಕುಡಿದರೂ ಸಕ್ಕರೆ ಕಡಿಮೆಯಾಯಿತು ಅಂದು ಎದ್ದುಬಂದ.

ಉಳಿದದ್ದು ಒಂದೇ ಒಂದು: ಅಭಯಾರಣ್ಯದ ಗೇಟಿನ ಸಿಂಹ. ಆಳೆತ್ತರದ ತಗಡು, ಮೇಲೆ ಸಿಂಹದ ಚಿತ್ರ, ಕೆಳಗೆ ಅದರ ಶಾಸ್ತ್ರೀಯ ಹೆಸರು. ಅದೂ ಕೈಬಿಟ್ಟರೆ ಐವತ್ತೆಂಟರ ಕಚಲ್ಲಾ ಬ್ರಷ್ಷು ಮೂಲೆಗೆ ಹಾಕಿ, ಗೇಟಿನ ಪಕ್ಕ ಅಲಸಂದೆ ವಡೆ ಕರಿಯುವ ಹೆಂಡತಿ ಫಲ್ಮಾತಾಳ ಜೊತೆ ಬಾಣಲೆ ಮುಂದೆ ಕೂರಬೇಕು.

“ಬಾ ಬಾ, ವಡೆ ಮೇಲೆ ಗಿರಾಕಿಗಳ ಹೆಸರು ಬರೆಯುವೆಯಂತೆ,” ಎಂದು ಫಲ್ಮಾತಾ ಆಗಲೇ ಶುರು ಹಚ್ಚಿಕೊಂಡಿದ್ದಳು. ಅವಳಿಗೇನು, ನಗು. ಅವನು ಬ್ರಷ್ಷುಗಳನ್ನು ಎತ್ತಿಕೊಂಡು ಎದ್ದುಹೋದ.

ಆ ಬೋರ್ಡಿನಲ್ಲಿ ಸಿಂಹ ನಿಂತ ಕಡೆ ನಿಂತಿತ್ತು, ಹೆಸರು ಮಾತ್ರ ನಿಲ್ಲಲೊಲ್ಲದು. ಮೊದಲು ಬಂದ ವಿದ್ವಾಂಸ ಇದು ಸೆನೆಗಲ್ ಜಾತಿಯದು ಎಂದು ‘ಸೆನೆಗಲೆನ್ಸಿಸ್’ ಬರೆಸಿದ. “ಸೆನೆಗಲ್ ಎಲ್ಲಿ, ನಾವೆಲ್ಲಿ? ನಮ್ಮ ದನ ತಿಂದು ನಮ್ಮ ಕೊಳದ ನೀರು ಕುಡಿಯೋ ಪ್ರಾಣಿ ಸ್ವಾಮಿ ಇದು!” ಎಂದ ಕಚಲ್ಲಾನಿಗೆ, ಹೇಳಿದಷ್ಟು ಬರಿ ಎಂದರು. ಎರಡನೆಯವನು ಬಂದು, ಕ್ಯಾಮರೂನಿನದೇ ಬೇರೆ ಎಂದು ಯಾರೋ ಜರ್ಮನ್ ಸಾಹೇಬನ ಹೆಸರು ಸೇರಿಸಿ ‘ಕಾಂಪ್ಟ್ಸಿ’ ಮಾಡಿದ. ಓದಿದವರ ನಾಲಿಗೆಯೆಲ್ಲ ಗಂಟುಬಿತ್ತು. ಮೂರನೆಯವನು ಒಳಪಂಗಡವೇ ಬೇಡ, ‘ಪ್ಯಾಂಥೆರಾ ಲಿಯೋ’ ಸಾಕು ಎಂದು ಉಳಿದದ್ದನ್ನೆಲ್ಲ ಕೆರೆಸಿಹಾಕಿದ. ಓದಿಕೊಂಡವರು ನೋಡಿ, ಹೇಳಿದ್ದೇ ಸರಿ.

ಹೀಗಿರುವಾಗ ಒಂದು ಸೋಮವಾರ ಹೊಸ ವಾರ್ಡನ್ ಅಬೆಗಾನಿಂದ ಚೀಟಿ ಬಂತು. ಈತ ದಕ್ಷಿಣದ ಕಾಡುಸೀಮೆಯವನು, ಬಂದು ಆರು ತಿಂಗಳು, ಸೆಕೆಗೆ ಸದಾ ಸಿಡಿಮಿಡಿ. ಗುರುವಾರ ಸಿಂಹಗಳ ಡಾಕ್ಟರ್ ಅಸ್ತಾಜಾಮ್ ಅತಿಥಿಗಳೊಡನೆ ಬರುತ್ತಾರೆ, ಅಷ್ಟರೊಳಗೆ ಹೊಸ ಹೆಸರು ಬರೆದಿರಬೇಕು, ಒಂದಕ್ಷರ ತಪ್ಪಿದರೂ ಮಾರನೆಯ ದಿನವೇ ಮರುವಾದಿಂದ ಬ್ಯಾನರ್ ತರಿಸುತ್ತೇನೆ ಎಂದು ಬರೆದಿದ್ದ. ಕೆಳಗೆ ಟೈಪಾಗಿತ್ತು: ಪ್ಯಾಂಥೆರಾ ಲಿಯೋ ಲಿಯೋ.

ಕಚಲ್ಲಾ ಎರಡು ಸಲ ಓದಿ ಹೋ ಎಂದು ನಕ್ಕ. “ನೋಡಿದೆಯಾ ಫಲ್ಮಾತಾ, ಟೈಪ್ ಮಾಡೋನು ತೂಕಡಿಸಿದ್ದಾನೆ! ಇದನ್ನೇ ಆ ಬ್ಯಾನರ್ ಯಂತ್ರಕ್ಕೆ ಕೊಟ್ಟಿದ್ರೆ ಹಂಗೇ ಹೊಡೆದುಬಿಡ್ತಿತ್ತು. ಕೈಯಲ್ಲಿ ಬರೆಯೋನಿಗೆ ತಲೆನೂ ಇರುತ್ತೆ.” ಪೆನ್ಸಿಲಿನಿಂದ ಎರಡನೆಯ ಲಿಯೋಗೆ ಗೀಟು ಎಳೆದ. ಮೂರು ದಿನ ಬೆನ್ನು ಬಗ್ಗಿಸಿ ಇದ್ದ ಹೆಸರನ್ನೇ ಕೆಂಪು ಬಣ್ಣದಲ್ಲಿ, ಕಪ್ಪು ಅಂಚು ಕೊಟ್ಟು, ಸಿಂಹದ ಬಾಲದ ತುದಿಯವರೆಗೆ ಉದ್ದಕ್ಕೆ ಬರೆದ. ಇಷ್ಟು ಚಂದ ಅವನು ಹಿಂದೆಂದೂ ಬರೆದಿರಲಿಲ್ಲ.

ಗುರುವಾರ ಗಾಡಿಗಳು ಗೇಟಿನಲ್ಲಿ ನಿಂತವು. ಅಬೆಗಾ ಇಳಿದು ಬೋರ್ಡು ನೋಡಿದ್ದೇ ಮುಖ ಕೆಂಡವಾಯಿತು.

“ಇನ್ನೊಂದು ಲಿಯೋ ಎಲ್ಲಯ್ಯಾ?”

“ಒಂದಿದೆಯಲ್ಲ ಸ್ವಾಮಿ.”

“ಎರಡು ಬರೆದು ಕಳಿಸಿದ್ದೆ!”

“ನೋಡಿದೆ. ತಿದ್ದಿದ್ದೀನಿ.” ಕಚಲ್ಲಾ ಜೇಬಿನಿಂದ ಚೀಟಿ ತೆಗೆದು ಹೆಮ್ಮೆಯಿಂದ ತೋರಿಸಿದ.

“ಮುಗೀತು ನಿನ್ನ ಕೆಲಸ. ನಾಳೆ ಬೆಳಿಗ್ಗೆನೇ ಬ್ಯಾನರ್,” ಎಂದ ಅಬೆಗಾ.

ಅಸ್ತಾಜಾಮ್ ಮುಂದೆ ಬಂದಳು. ಗರುವಾ ಕಡೆಯ ಹೆಣ್ಣುಮಗಳು, ದೊಡ್ಡ ಓದು, ಮಾತು ಮಾತ್ರ ಮನೆಮಗಳದೇ. “ಬಾಬಾ, ಮೊದಲನೇ ಲಿಯೋ ಅಂದ್ರೆ ಸಿಂಹ. ಎರಡನೇದು ಯಾವ ಸಿಂಹ ಅನ್ನೋಕೆ. ರಕ್ತ, ಲದ್ದಿ ಎಲ್ಲಾ ಪರೀಕ್ಷೆ ಮಾಡಿದ್ವಿ. ನಮ್ಮ ಸಿಂಹ ದಕ್ಷಿಣ ಆಫ್ರಿಕಾದ್ದಕ್ಕಿಂತ ಇಂಡಿಯಾದ ಸಿಂಹಕ್ಕೇ ಹತ್ತಿರದ ನೆಂಟ. ಅಲ್ಜೀರಿಯಾ ಕಡೆ ಇದ್ದು ಅಳಿದುಹೋಯ್ತಲ್ಲ, ಅದಕ್ಕೂ ಅಷ್ಟೇ. ಮೊಟ್ಟಮೊದಲು ಹೆಸರಿಟ್ಟಿದ್ದು ಆ ಉತ್ತರದ ಸಿಂಹಕ್ಕೆ. ಅದಕ್ಕೇ ಈ ಕವಲಿಗೆ ಲಿಯೋ ಅನ್ನೋದನ್ನೇ ಇನ್ನೊಂದು ಸಲ ಹಾಕ್ತಾರೆ.”

“ಅಂದ್ರೆ... ಅಪ್ಪನ ಹೆಸರೇ ಮಗನಿಗೆ?”

“ಹೂಂ, ಹಾಗೇ ಅನ್ಕೊಳ್ಳಿ.”

ಕಚಲ್ಲಾ ಬಣ್ಣದ ಡಬ್ಬದ ಮೇಲೆ ಕುಸಿದು ಕೂತ. “ಅಯ್ಯೋ ದೇವರೇ! ಮಗಳೇ, ನನ್ನ ಹೆಸರು ಕಚಲ್ಲಾ ಕಚಲ್ಲಾ. ನಾನು ಹುಟ್ಟೋಕೆ ಮುಂಚೆ ಅಪ್ಪ ತೀರಿಹೋಗಿದ್ದ, ಅಮ್ಮ ಅವನ ಹೆಸರನ್ನೇ ಇಟ್ಟಳು. ಗುರುತಿನ ಚೀಟಿ ಮಾಡಿಸೋವಾಗ ಗುಮಾಸ್ತ ಒಂದನ್ನ ಹೊಡೆದುಹಾಕ್ದ, ಎರಡು ಸಲ ಬರೆದಿದ್ದೀಯ ಅಂತ. ಅದು ನನ್ನಪ್ಪ ಸ್ವಾಮಿ ಅಂದೆ. ಕೇಳಲಿಲ್ಲ. ಮೂವತ್ತು ವರ್ಷದಿಂದ ಆ ಗುಮಾಸ್ತನಿಗೆ ಶಾಪ ಹಾಕ್ತಾ ಬಂದಿದ್ದೀನಿ. ಈಗ ನೋಡಿದ್ರೆ ನಾನೇ ಅವನಾಗಿದ್ದೀನಿ.”

ಫಲ್ಮಾತಾ ಜಾಲರಿ ಸೌಟು ಕೆಳಗಿಟ್ಟು, ಅವನ ಬ್ರಷ್ಷು ತಂದು ಕೈಗೆ ಕೊಟ್ಟಳು.

“ಒಂದು ಗಂಟೆ ಕೊಡಿ,” ಎಂದು ಕಚಲ್ಲಾ ಎದ್ದ. ಆದರೆ ಜಾಗ ಬೇಕಲ್ಲ? ಸಾಲಿನ ಕೊನೆಗೆ ಸಿಂಹದ ಇಳಿಬಿದ್ದ ಬಾಲ ಅಡ್ಡ. ಹಲ್ಲು ಕಚ್ಚಿಕೊಂಡು ಬಾಲದ ಮೇಲೆ ಹಿನ್ನೆಲೆಯ ಹಳದಿ ಬಳಿದ, ಉರಿಬಿಸಿಲಿಗೆ ತಗಡು ಕಾದಿದ್ದರಿಂದ ಬಣ್ಣ ಬೇಗ ಒಣಗಿತು, ಆ ಜಾಗದಲ್ಲಿ ಎರಡನೆಯ ಲಿಯೋ ಬರೆದ. ಅಷ್ಟರಲ್ಲಿ ಅತಿಥಿಗಳು ಫಲ್ಮಾತಾಳ ಬಾಣಲೆಯನ್ನು ಬರಿದು ಮಾಡಿದ್ದರು.

“ಬಾಲವಿಲ್ಲದ ಸಿಂಹ!” ಅಬೆಗಾ ಹಣೆ ಚಚ್ಚಿಕೊಂಡ. “ಇಲ್ಲಪ್ಪ, ಬ್ಯಾನರೇ ಸರಿ. ಒಂದು ಸಲ ಕಟ್ಟಿದ್ರೆ ಹತ್ತು ವರ್ಷ ಈ ಕಡೆ ತಿರುಗಿ ನೋಡೋ ಹಾಗಿಲ್ಲ.”

“ಹತ್ತು ವರ್ಷನಾ?” ಅಸ್ತಾಜಾಮ್ ವಡೆ ಅಗಿಯುತ್ತ ಕೇಳಿದಳು. “ಈ ಹೆಸರು ಅಷ್ಟು ದಿನ ಇರುತ್ತೆ ಅಂತ ಯಾರು ಹೇಳಿದ್ದು? ಇಥಿಯೋಪಿಯಾದಲ್ಲಿ ಉತ್ತರದ್ದು, ದಕ್ಷಿಣದ್ದು ಎರಡು ಕವಲೂ ಬೆರೆತುಹೋಗಿವೆ. ಪಶ್ಚಿಮ ಆಫ್ರಿಕಾದ ಸಿಂಹಾನ ಬೇರೆ ಮಾಡಿ ಅನ್ನೋರು ಒಂದು ಕಡೆ, ಬೇಡ ಅನ್ನೋರು ಇನ್ನೊಂದು ಕಡೆ. ಒಬ್ಬ ಪ್ರೊಫೆಸರ್ ಹತ್ರ ನಾನು ಇದೇ ವಿಷಯಕ್ಕೆ ಮಾತು ಬಿಟ್ಟು ಎರಡು ವರ್ಷ ಆಯ್ತು.”

ಅಬೆಗಾ ಬೋರ್ಡನ್ನೂ ಅವಳನ್ನೂ ನೋಡಿದ. ಮುದ್ರಿಸಿದ ಬ್ಯಾನರನ್ನು ತಿದ್ದುವ ಹಾಗಿಲ್ಲ, ಪ್ರತಿ ಸಲ ಹೊಸದೇ ಆಗಬೇಕು.

“ಇದನ್ನ ಕೆರೆದು ಮತ್ತೆ ಬರೀಬಹುದೇನಯ್ಯಾ?” ಎಂದು ಕೇಳಿದ.

“ಎಷ್ಟು ಸಲ ಬೇಕಾದ್ರೂ ಸ್ವಾಮಿ!”

“ಸರಿ, ಇದೇ ಇರಲಿ. ಬಾಲ ಎಲ್ಲಾದ್ರೂ ಸೇರಿಸು.”

ಕಚಲ್ಲಾನ ಕಣ್ಣು ತುಂಬಿಬಂತು. ಬಣ್ಣ ಮೆತ್ತಿದ ಕೈಯಿಂದಲೇ ಒರೆಸಿಕೊಂಡದ್ದಕ್ಕೆ ಕೆನ್ನೆಯೆಲ್ಲ ಕೆಂಪಾಯಿತು. ಗಾಡಿ ಹೊರಡುವಾಗ ಓಡಿಹೋಗಿ ಅಸ್ತಾಜಾಮಳ ಕಿಟಕಿಗೆ ಬಗ್ಗಿದ.

“ಮಗಳೇ, ನಿನ್ನ ಹೊಟ್ಟೆ ತಣ್ಣಗಿರಲಿ. ಆ ಪ್ರೊಫೆಸರ್ ಹತ್ರ ಮಾತ್ರ ರಾಜಿ ಆಗಬೇಡಮ್ಮ.”