ಯಮನೂರಮ್ಮ ಮಾಳಿಗೆ ಹತ್ತಿದಳು

ಕುಷ್ಟಗಿಯ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಯಮನೂರಮ್ಮ ಅಡುಗೆಗೆ ಸೇರಿ ಹನ್ನೊಂದು ವರ್ಷ. ಮಾಳಿಗೆಯ ಮೇಲೆ ಬಿಸಿನೀರಿನ ಸೋಲಾರ್ ಇದ್ದರೂ ಎರಡು ಚಳಿಗಾಲದಿಂದ ನಲ್ಲಿಯಲ್ಲಿ ಬರುತ್ತಿದ್ದುದು ತಣ್ಣೀರೇ. ಹಾಗಾಗಿ ನಲವತ್ತು ಹುಡುಗಿಯರಿಗೆ ಹಿತ್ತಲ ಒಲೆಯಲ್ಲಿ ನೀರು ಕಾಯಿಸುವ ಕೆಲಸವೂ ಅವಳ ತಲೆಗೇ ಬಿದ್ದಿತ್ತು. ರಿಪೇರಿಗೆ ಬಂದವನೊಬ್ಬ ಅಂಗಳದಿಂದಲೇ ಕತ್ತೆತ್ತಿ ನೋಡಿ, "ಪೂರಾ ಹೋಗೈತ್ರಿ, ಹೊಸಾದು ಹಾಕಸ್ರಿ" ಎಂದು ಹೊರಟುಹೋದ. ವಾರ್ಡನ್ ಹಜರತಬೀ ಮೇಲಿನ ಕಚೇರಿಗೆ ಅರ್ಜಿ ಬರೆದರು. ಉತ್ತರ ಬರಲಿಲ್ಲ.

ಯಮನೂರಮ್ಮನಿಗೆ ಬೋರಿನ ನೀರಿನ ಗುಣ ಗೊತ್ತಿತ್ತು. ಅನ್ನದ ಪಾತ್ರೆಗೆ ಸುಣ್ಣದಂತೆ ಕಟ್ಟುವ ಬಿಳಿ ಪದರವನ್ನು ಅವಳು ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. "ಬೋಗಾಣಿಗೆ ಹಿಡಿಯೂದು ಸೋಲಾರಿನ ಗಾಜಿನ ಕೊಳವಿಗೆ ಬಿಡತೈತೇನ್ರಿ ಮೇಡಂ?" ಎಂದು ಕೇಳಿ, ಒಂದು ಮಧ್ಯಾಹ್ನ ತಾನೇ ಮಾಳಿಗೆ ಹತ್ತಿದಳು. ಒಂದು ಕೊಳವೆಯನ್ನು ಹೇಗೋ ಬಿಚ್ಚಿ, ತೊಳೆಯಲೆಂದು ಒಂದು ತಂಬಿಗೆ ತಣ್ಣೀರು ಸುರಿದಳು. ಬಿಸಿಲಿಗೆ ಕಾದಿದ್ದ ಗಾಜು ಫಟ್ಟೆಂದು ಸಿಡಿಯಿತು.

ಹಜರತಬೀ ಓಡಿ ಬಂದರು. "ಕಣ್ಣಿಗೆ ಬಡದಿದ್ರ ಏನ್ ಗತಿ? ಸಾಕು ಬಿಡ್ರಿ ಯಮನೂರಮ್ಮ, ಇದು ನಮ್ಮ ಕೆಲಸ ಅಲ್ಲ."

"ತಪ್ಪಾತ್ರಿ ಮೇಡಂ. ಆದ್ರ ಒಳಗ ಸುಣ್ಣ ತುಂಬಿದ್ದಂತೂ ಖರೇ ಐತಿ. ನೋಡ್ರಿ ಇಲ್ಲೆ."

ಚೂರುಗಳ ನಡುವೆ ಎರಡು ಹಿಡಿ ಬಿಳಿ ಹುಡಿ ಬಿದ್ದಿತ್ತು. ಹಜರತಬೀ ಅದನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಬಳಿಕ ಟ್ಯಾಂಕಿನ ಮೇಲೆ ಬರೆದಿದ್ದ ಕಂಪನಿಯ ನಂಬರಿಗೆ ತಾವೇ ಫೋನ್ ಮಾಡಿ ಯಮನೂರಮ್ಮನ ಕೈಗೆ ಕೊಟ್ಟರು. ಅತ್ತ ಕಡೆಯ ಹೆಣ್ಣುಮಗಳು ಒಂದೊಂದಾಗಿ ಹೇಳಿಕೊಟ್ಟಳು: ಹಿಂದಿನ ದಿನವೇ ಕೊಳವೆಗಳ ಮೇಲೆ ಕಂಬಳಿ ಮುಚ್ಚಬೇಕು, ಸೂರ್ಯ ಏಳುವ ಮುಂಚೆ ಟ್ಯಾಂಕು ಖಾಲಿ ಮಾಡಬೇಕು, ಕೊಳವೆ ಟ್ಯಾಂಕಿಗೆ ಸೇರುವಲ್ಲಿನ ರಬ್ಬರಿಗೆ ಸಾಬೂನು ನೀರು ಸವರಿ ಕೊಳವೆಯನ್ನು ಮೆಲ್ಲಗೆ ತಿರುವಿ ಎಳೆಯಬೇಕು. ತುದಿಯಲ್ಲಿ ಬೆಳ್ಳಿಯ ಹೊಳಪಿದ್ದರೆ ಕೊಳವೆ ಚೆನ್ನಾಗಿದೆ, ಬೆಳ್ಳಗಾಗಿದ್ದರೆ ಹೋಗಿದೆ.

ಐವತ್ತರಲ್ಲಿ ಹೋಗಿದ್ದವು ಮೂರೇ. ಅವಕ್ಕೂ ತಾನು ಒಡೆದದ್ದಕ್ಕೂ ಬದಲಿ ತರಲು ಯಮನೂರಮ್ಮ ಗಂಗಾವತಿಗೆ ಹೋದಳು. ಹೊಸ ಕೊಳವೆಗಳನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ಅವುಚಿಕೊಂಡು ಬಂದಳು.

ಭಾನುವಾರ ನಸುಕಿನಲ್ಲೇ ಕೆಲಸ ಹಿಡಿದಳು. ದೊಡ್ಡ ಹುಡುಗಿಯರು ಸಾಲಾಗಿ ನಿಂತು ಕೊಡ ಸಾಗಿಸಿದರು. ಉದ್ದ ಬ್ರಷ್ಷಿನಿಂದ ಉಜ್ಜಿ ತೆಗೆದ ಸುಣ್ಣ ಎರಡು ಬುಟ್ಟಿಯಾಯಿತು. ಕೊನೆಯ ಕೊಳವೆ ಕೂರಿಸುವಾಗ ಹನ್ನೊಂದು ಹೊಡೆದಿತ್ತು. ಟ್ಯಾಂಕು ತುಂಬಿಸಿದ ಮೇಲೆಯೇ ಕಂಬಳಿ ಸರಿಸಿದಳು.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಕಿರುಚು ಕೇಳಿಸಿತು. "ಅಕ್ಕಾ, ಸುಡಾಕತ್ತೈತಿ! ಕೈ ಇಡಾಕ ಆಗವಲ್ದು!"

ಯಮನೂರಮ್ಮ ಒಲೆಯ ಮುಂದಿನಿಂದ ಎದ್ದು ಓಡಿದಳು. ನಲ್ಲಿಯ ಸುತ್ತ ಹಬೆ ಏಳುತ್ತಿತ್ತು. ನಗುವೂ ಅಳುವೂ ಒಟ್ಟಿಗೇ ಬಂದು, ಸೆರಗು ಬಾಯಿಗಿಟ್ಟು ನಿಂತುಬಿಟ್ಟಳು. ಹಜರತಬೀ ಅವಳ ಬೆನ್ನು ತಟ್ಟಿ, "ಹೊಸಾದು ಬ್ಯಾಡ ಅಂತ ಇವತ್ತ ಬರೀತೀನಿ" ಎಂದರು.

ಈಗ ಅವಳಿಗೆ ರಜೆಯ ದಿನ ಬಿಡುವಿಲ್ಲ. ಊರಿನ ಮನೆಗಳವರು ತಮ್ಮ ಸೋಲಾರ್ ತೊಳೆಯಲು ವರ್ಷಕ್ಕೊಮ್ಮೆ ಕರೆಯುತ್ತಾರೆ. ಕಳೆದ ತಿಂಗಳು ಯಲಬುರ್ಗಾದ ಹಾಸ್ಟೆಲ್ಲಿನವರು ಜೀಪು ಕಳಿಸಿದ್ದರು. ಅಲ್ಲಿನ ಅಡುಗೆಯವರು ಮೂವರು ಕೆಳಗೇ ನಿಂತು ನೋಡುತ್ತಿದ್ದರು.

"ಅಲ್ಲೇನ್ ನಿಂತೀರಿ? ಮ್ಯಾಲ ಬರ್ರಿ," ಎಂದು ಯಮನೂರಮ್ಮ ಏಣಿಯ ತುದಿಯಿಂದ ಕೂಗಿದಳು. "ಮುಂದಿನ ವರ್ಷ ನೀವ ಮಾಡಬೇಕು."