ಏಳನೆಯ ಕ್ಯಾಸೆಟ್ಟಿನ ಇಪ್ಪತ್ತಾರು ನಿಮಿಷ

ದೆವ್ವ ಕಂಡೆ ಎನ್ನುವವರನ್ನು ನಾನು ಎಂದೂ ಸುಳ್ಳುಗಾರರು ಎಂದುಕೊಂಡಿಲ್ಲ. ಅವರ ನೆನಪು ಅವರಿಗೆ ಮೋಸ ಮಾಡಿದೆ ಎಂದುಕೊಳ್ಳುತ್ತಿದ್ದೆ. ಹೇಳಿದ ಹಾಗೆಲ್ಲ ಕತೆ ಬೆಳೆಯುತ್ತದೆ, ಬೆಳೆದದ್ದೇ ನಡೆದದ್ದಾಗಿಬಿಡುತ್ತದೆ. ಕಾಲೇಜಿನ ಮೊದಲ ವರ್ಷದಿಂದ ನಾನು ದಿನಚರಿ ಬರೆಯುತ್ತಿರುವುದಕ್ಕೂ ಈ ಗುಮಾನಿಯೇ ಕಾರಣ. ಈಗ ಬರೆಯುವುದನ್ನೂ ನೀವು ಹಾಗೆಯೇ ಅನುಮಾನದಿಂದ ಓದಬಹುದು. ನನ್ನದೇನೂ ಅಡ್ಡಿಯಿಲ್ಲ.

ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿದ್ದಾಗ ನನ್ನ ವಿಷಯ ಹಸೆ ಚಿತ್ತಾರ. ಮದುವೆಗೆ ಮುಂಚೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಬರೆಯುತ್ತಾರಲ್ಲ, ಅದು. ಹೊನ್ನೆಮರಡಿನ ದಾರಿಯ ಒಂದು ಊರಲ್ಲಿ ಗಂಗಮ್ಮ ಎಂಬವರು ಮಗಳು ಸರೋಜಳ ಮದುವೆಗೆ ಹಸೆ ಬರೆಯುತ್ತಿದ್ದರು. ವಿಭಾಗದ ಕ್ಯಾಮ್‌ಕಾರ್ಡರ್ ಹೊತ್ತು ನಾನು ಅಲ್ಲಿಗೆ ಹೋಗಿ ಮೂರು ದಿನ ಇದ್ದೆ. ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸುತ್ತಲಿನ ಅಂಚಿನಲ್ಲಿ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಡುತ್ತಿದ್ದರು. ಮದುಮಕ್ಕಳು ಬಂದು ಹಸೆಯ ಮುಂದೆ ಕೂತ ಮೇಲೆ ತಾಯಿ ಆ ಗೆರೆ ಕೂಡಿಸಬೇಕು. ಮೊದಲೇ ಕೂಡಿಸಿದರೆ ಮದುಮಗನ ದಾರಿ ಮುಚ್ಚಿದ ಹಾಗೆ ಎಂದು ಗಂಗಮ್ಮ ವಿವರಿಸಿದ್ದು ನನ್ನ ಟಿಪ್ಪಣಿಯಲ್ಲಿದೆ.

ಎರಡನೆಯ ದಿನ ಮಧ್ಯಾಹ್ನ ಎಲ್ಲರೂ ಅಂಗಳದ ಚಪ್ಪರದಡಿ ಊಟಕ್ಕೆ ಕೂತೆವು. ಗಂಗಮ್ಮನ ತಂಗಿ ಬಂಗಾರಮ್ಮ ನನ್ನ ಪಕ್ಕದಲ್ಲಿ ಕೂತಿದ್ದರು. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲೇ ಇದ್ದವರು. ಅಕ್ಕನಿಗಿಂತ ಚೆನ್ನಾಗಿ ಹಸೆ ಬರೆಯುತ್ತಿದ್ದರಂತೆ, ಆದರೆ ಗಂಡ ಸತ್ತವಳು ಹಸೆಗೋಡೆ ಮುಟ್ಟಬಾರದೆಂದು ಕುಂಚ ಬಿಟ್ಟಿದ್ದರು. ನಡುವೆ ಒಮ್ಮೆ ಎದ್ದು ಮಜ್ಜಿಗೆ ತರಲು ಒಳಗೆ ಹೋಗಿ ಬಂದರು. ಊಟವಾಗಿ ಗಂಗಮ್ಮ ಒಳಗೆ ಹೋದವರು ಅಲ್ಲಿಂದಲೇ ಕೂಗಿದರು, ಎಲ್ಲರೂ ಒಳಗೆ ಓಡಿದೆವು. ಅಂಚಿನ ಗೆರೆ ಕೂಡಿತ್ತು.

ಎಲ್ಲರ ಕಣ್ಣೂ ಬಂಗಾರಮ್ಮನ ಮೇಲೆ ಹೋಯಿತು. ಆಕೆ ಒಂದೇ ಮಾತು ಹೇಳಿದರು.

"ಅಕ್ಕಾ, ನಾನು ಮುಟ್ಟಿಲ್ಲ ಕಣೆ."

ಆಗ ನಾನು ಟ್ರೈಪಾಡ್ ಮಡಚುತ್ತಾ ನಿಂತಿದ್ದೆ. ಆಕೆ ನನ್ನ ಜೊತೆಯಲ್ಲೇ ಇದ್ದರು, ಮಜ್ಜಿಗೆ ತರುವಷ್ಟು ಹೊತ್ತಿನಲ್ಲಿ ಅಷ್ಟು ನಯವಾದ ಗೆರೆ ಎಳೆಯಲು ಆಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ಹೊತ್ತು ಎಷ್ಟೆಂದು ನನಗೇ ಖಾತ್ರಿಯಿರಲಿಲ್ಲ ಎಂದು ಆಮೇಲೆ ಸಮಾಧಾನ ಹೇಳಿಕೊಂಡೆ. ಮಾತಾಡಿದರೆ ಮದುವೆ ಚಿತ್ರೀಕರಿಸಲು ಬಿಡುವುದಿಲ್ಲ ಎಂಬ ಭಯವೂ ಇದ್ದಿರಬೇಕು. ದಿನಚರಿಯಲ್ಲಿ ಇರುವುದು ಇಷ್ಟೇ: "ಊಟಕ್ಕೆ ಕಡುಬು. ಗೆರೆಯ ವಿಷಯಕ್ಕೆ ಮನೆಯವರಲ್ಲಿ ಸ್ವಲ್ಪ ಮಾತಾಯಿತು." ನನ್ನ ದಿನಚರಿಗೂ ನುಣುಚಿಕೊಳ್ಳಲು ಬರುತ್ತದೆ.

ಮದುವೆಗೆ ಎರಡು ದಿನ ಇರುವಾಗ ಮದುಮಗ ಹೊಸನಗರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಆಮೇಲೆ ಬಂಗಾರಮ್ಮ ಆ ಮನೆಯಲ್ಲಿ ಉಳಿಯಲಿಲ್ಲ. ಹೊಸನಗರದ ಕಡೆ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡಿದ್ದಾರೆಂದು ಕೇಳಿದ್ದೆ.

ಇದಾಗಿ ಹದಿನೆಂಟು ವರ್ಷಕ್ಕೆ, ಎಂದರೆ ಈಗ್ಗೆ ಮೂರು ವರ್ಷದ ಹಿಂದೆ, ಸರೋಜ ಫೋನ್ ಮಾಡಿದಳು. ಬೇರೆ ಕಡೆ ಮದುವೆಯಾಗಿ ತೀರ್ಥಹಳ್ಳಿಯಲ್ಲಿದ್ದಳು. ಗಂಗಮ್ಮ ಈಗಿಲ್ಲ, ತಮ್ಮನಿಗೆ ಮದುವೆ ಗೊತ್ತಾಗಿದೆ, ಮನೆಯಲ್ಲಿ ಹಸೆ ಬರೆಯಬಲ್ಲವರು ಚಿಕ್ಕಮ್ಮ ಒಬ್ಬರೇ ಎಂದಳು. ಗಂಡ ಸತ್ತವರು ಮುಟ್ಟಬಾರದೆಂಬ ಕಟ್ಟನ್ನೆಲ್ಲ ಅವಳು ಬಿಟ್ಟಿದ್ದಳು. ಆದರೆ ಆವತ್ತಿನದು ತೀರ್ಮಾನವಾಗದೆ ಚಿಕ್ಕಮ್ಮನೇ ಬರಲು ಒಪ್ಪುತ್ತಿಲ್ಲವಂತೆ. "ಅಕ್ಕಾ, ಆವತ್ತು ನಿಮ್ಮ ಕ್ಯಾಮರಾ ಒಳಗೇ ಇತ್ತಲ್ಲ?" ಎಂದು ಕೇಳಿದಳು.

ಇತ್ತು. ಊಟಕ್ಕೆ ಏಳುವಾಗ ಅದನ್ನು ನಿಲ್ಲಿಸಲು ಮರೆತಿದ್ದೆ. ಆ ಖಾಲಿ ಭಾಗವನ್ನು ಯಾವತ್ತೂ ನೋಡಿರಲಿಲ್ಲ. ನೋಡಲು ಮನಸ್ಸಿರಲಿಲ್ಲ ಎನ್ನುವುದೇ ಸರಿ.

ಹನ್ನೊಂದು ಕ್ಯಾಸೆಟ್ಟುಗಳಲ್ಲಿ ನಾಲ್ಕಕ್ಕೆ ಬೂಸ್ಟು ಹಿಡಿದಿತ್ತು. ಆ ಕ್ಯಾಮರಾದ ಕೇಬಲ್ಲು ಈಗಿನ ಲ್ಯಾಪ್‌ಟಾಪಿಗೆ ಕೂರುವುದಿಲ್ಲ. ಸಾಗರದಲ್ಲಿ ಹಿಂದೆ ಮದುವೆ ವಿಡಿಯೊ ಮಾಡುತ್ತಿದ್ದ ಪರಿಚಯದವರೊಬ್ಬರು ತಮ್ಮ ಹಳೆಯ ಕಂಪ್ಯೂಟರನ್ನೂ ಅದಕ್ಕೆ ಹೊಂದುವ ಕ್ಯಾಮರಾವನ್ನೂ ಕೊಟ್ಟರು. "ನಿಧಾನ ಮೇಡಂ, ಅವಸರ ಮಾಡಿದ್ರೆ ಟೇಪು ತಿಂದು ಹಾಕ್ತದೆ" ಎಂದು ಎಚ್ಚರಿಸಿದರು. ಈ ಕೆಲಸದಲ್ಲಿ ಅವಸರ ಮಾಡಲು ಬರುವುದೂ ಇಲ್ಲ. ಒಂದು ಗಂಟೆಯ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಯಲು ಒಂದು ಗಂಟೆಯೇ ಬೇಕು. ಓಡುತ್ತಿರುತ್ತದೆ, ನಾವು ನೋಡುತ್ತಾ ಕೂರಬೇಕು.

ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಏಳನೆಯದನ್ನು ಹಾಕಿದೆ. ಪಕ್ಕದ ಮನೆಯಲ್ಲಿ ಮಿಕ್ಸಿ ಓಡುತ್ತಿತ್ತು. ಮೊದಲ ಅರ್ಧ ಗಂಟೆಗೂ ಮೀರಿ ಗಂಗಮ್ಮ ಪುಂಡಿನಾರಿನ ಕುಂಚ ಹಿಡಿದು ಬರೆಯುತ್ತಾರೆ, ಕುಂಚ ತೊಳೆದು ಏಳುತ್ತಾರೆ. ಆಮೇಲೆ ಟೇಪು ಮುಗಿಯುವವರೆಗೆ ಇಪ್ಪತ್ತಾರು ನಿಮಿಷ ಬರೀ ಗೋಡೆ. ಕಿಟಕಿಯ ಸರಳಿನ ನೆರಳು ಜರುಗುತ್ತದೆ. ಒಂದು ಕೋಳಿ ಬಂದು ನೆಲ ಕೆದಕಿ ಹೋಗುತ್ತದೆ. ಒಬ್ಬರೂ ಬರುವುದಿಲ್ಲ.

ಬಂಗಾರಮ್ಮ ಗೆದ್ದರು ಎಂದು ಸಂತೋಷವಾಯಿತು. ಆಗ ಕೆಳಗಿನ ಅಂಚು ನೋಡಿದೆ. ಗೆರೆ ಕೂಡಿತ್ತು.

ಎಡಿಟಿಂಗ್ ತಂತ್ರಾಂಶದಲ್ಲಿ ಆ ಭಾಗವನ್ನು ಇಪ್ಪತ್ತು ಪಟ್ಟು ವೇಗದಲ್ಲಿ ಓಡಿಸಿದೆ. ಎರಡು ತುದಿಯಿಂದಲೂ ಬಿಳಿ ಗೆರೆ ಬೆಳೆದು ನಡುವೆ ಸೇರಿತು. ಮಾಮೂಲು ವೇಗದಲ್ಲಿ ನೋಡಿದರೆ ಯಾವ ಕ್ಷಣದಲ್ಲೂ ಅದು ಚಲಿಸುವುದಿಲ್ಲ, ಗಡಿಯಾರದ ಸಣ್ಣ ಮುಳ್ಳಿನ ಹಾಗೆ. ಇದಕ್ಕೊಂದು ಕಾರಣ ಹುಡುಕಿದೆ. ಅಕ್ಕಿಹಿಟ್ಟು ಹಸಿಯಿರುವಾಗ ಮಣ್ಣಿನ ಮೇಲೆ ಮಾಸಲಾಗಿರುತ್ತದೆ, ಒಣಗಿದ ಮೇಲೆ ಬಿಳಿ ಏಳುತ್ತದೆ. ಗಂಗಮ್ಮನೇ ಕೈ ರೂಢಿಯಲ್ಲಿ ಎಳೆದಿರಬಹುದು. ಮೊದಲ ಅರ್ಧ ಗಂಟೆಯನ್ನು ಮತ್ತೆ ಮೂರು ಸಲ ನೋಡಿದೆ. ಕುಂಚ ಆ ಜಾಗದ ಹತ್ತಿರವೂ ಹೋಗಿಲ್ಲ.

ಮೂರನೆಯ ಸಲ ಹೆಡ್‌ಫೋನ್ ಹಾಕಿಕೊಂಡು ಕೊನೆಯವರೆಗೆ ಕೇಳಿದೆ. ಟೇಪು ಮುಗಿಯಲು ಒಂದು ನಿಮಿಷವಿರುವಾಗ ಮೈಕಿಗೆ ತೀರ ಹತ್ತಿರ ಯಾರೋ ಉಸಿರು ಎಳೆದುಕೊಳ್ಳುತ್ತಾರೆ. ಆಮೇಲೆ ಒಂದು ಹೆಂಗಸಿನ ದನಿ, ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ:

"ಇನ್ನೊಂದು ಗೆರೆ."

ಅದು ನನ್ನ ದನಿ. ಆ ಹೊತ್ತಿಗೆ ನಾನು ಅಂಗಳದಲ್ಲಿ ಕಡುಬು ತಿನ್ನುತ್ತಿದ್ದೆ ಎಂದು ದಿನಚರಿ ಹೇಳುತ್ತದೆ. ಆ ದಿನಚರಿ ಎಂಥದೆಂದು ಆಗಲೇ ಹೇಳಿದ್ದೇನೆ.

ಆ ಎರಡು ಪದ ಕತ್ತರಿಸಲು ಒಂದು ಕ್ಲಿಕ್ ಸಾಕಿತ್ತು. ಕತ್ತರಿಸಿದರೆ ಬಂಗಾರಮ್ಮನಿಗೂ ಒಳ್ಳೆಯದು, ನನಗೂ ಒಳ್ಳೆಯದು. ಮೌಸಿನ ಬಾಣವನ್ನು ಅಲ್ಲಿಗೆ ಒಯ್ದೆ. ಒಮ್ಮೆ ಸುಮ್ಮನಿದ್ದು ಆಗಿದೆ, ಇನ್ನೊಮ್ಮೆ ಬೇಡ ಎನಿಸಿ ಹಾಗೆಯೇ ಬಿಟ್ಟೆ.

ಮುಂದಿನ ಶನಿವಾರ ತೀರ್ಥಹಳ್ಳಿಯಲ್ಲಿ ಸರೋಜಳ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಬಂಗಾರಮ್ಮನೂ ಬಂದಿದ್ದರು. ಕೂದಲು ಪೂರ್ತಿ ಬಿಳಿಯಾಗಿತ್ತು. ಗೋಡೆ ಕಂಡ ಕೂಡಲೇ ಮುಂದೆ ಬಾಗಿ ಕೂತರು. ಕೋಳಿ ಬಂದಾಗ ನಕ್ಕರು.

"ನೋಡು ಸರೋಜಾ, ನಮ್ಮ ಕುಂಟ ಹ್ಯಾಟೆ. ನಿನ್ ಅವ್ವ ಇದ್ರ ಮೇಲೆ ಯಾಕೆ ಗುಮಾನಿ ಪಡ್ಲಿಲ್ವೋ."

ಸರೋಜಳೂ ನಕ್ಕಳು. ನಿಮಿಷಗಳು ಕಳೆದ ಹಾಗೆ ಬಂಗಾರಮ್ಮನ ಬೆನ್ನು ನೆಟ್ಟಗಾಯಿತು. "ಯಾರಾದ್ರೂ ಬಂದ್ರಾ? ಬಂದ್ರಾ ಹೇಳು" ಎಂದು ಎರಡು ಸಲ ಕೇಳಿದರು. ಸರೋಜ ಚಿಕ್ಕಮ್ಮನ ಕೈ ಹಿಡಿದುಕೊಂಡಳು. ಗೆರೆ ಕೂಡಿದ್ದನ್ನು ನೋಡಿಯೂ ಇಬ್ಬರೂ ಹೆದರಲಿಲ್ಲ. ದೇವರ ಇಚ್ಛೆ ಅಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ.

ಉಸಿರು ಬಂತು. ಆಮೇಲೆ ಆ ಮಾತು.

ಬಂಗಾರಮ್ಮ ಸರೋಜಳ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು. ತಮ್ಮ ಬಲಗೈಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು.

"ಇದು ನನ್ನ ದನಿ. ಹಂಗಾರೆ ನಾನೇ ಬರ್ದಿದ್ನಾ?"

ಸರೋಜಳಿಗೆ ದನಿ ಯಾರದೆಂದು ತಿಳಿಯಲಿಲ್ಲ. ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು. ನಾನು ತಡಮಾಡದೆ ಹೇಳಿದೆ. ಅದು ನನ್ನ ದನಿ, ನಾನು ಹತ್ತು ಸಲ ಕೇಳಿದ್ದೇನೆ, ಆವತ್ತು ನೀವು ನನ್ನ ಪಕ್ಕದಲ್ಲೇ ಇದ್ದಿರಿ ಎಂದೆ. ಹದಿನೆಂಟು ವರ್ಷದ ಹಿಂದೆ ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಬಂಗಾರಮ್ಮ ಕೇಳಿಸಿಕೊಂಡು ನನ್ನ ಬೆನ್ನು ಸವರಿದರು.

"ನೀನು ಒಳ್ಳೇಳು ತಂಗಿ. ನನ್ನ ಸಲುವಾಗಿ ಸುಳ್ಳು ಹೇಳಬೇಡ."

ಮಧ್ಯಾಹ್ನದ ಬಸ್ಸಿಗೇ ಅವರು ಹೊಸನಗರಕ್ಕೆ ಹೊರಟುಹೋದರು. ತಮ್ಮನ ಮದುವೆ ಹಸೆಯಿಲ್ಲದೆ ನಡೆಯಿತು. ಗಂಡ ಹೆಂಡತಿ ಸುಖವಾಗಿದ್ದಾರೆ. ಬಂಗಾರಮ್ಮ ಮದುವೆಗೂ ಬರಲಿಲ್ಲ. ಇಷ್ಟು ವರ್ಷ "ನಾನಲ್ಲ" ಎಂಬ ಒಂದು ಮಾತಾದರೂ ಆಕೆಯ ಹತ್ತಿರ ಇತ್ತು. ಅದನ್ನೂ ನಾನು ಹೋಗಿ ಕಿತ್ತುಕೊಂಡು ಬಂದೆ.

ಟೇಪಿನ ದೋಷ ಇರಬಹುದು. ಹಳೆಯ ಕ್ಯಾಸೆಟ್ಟಿನ ಮೇಲೆ ಹೊಸದನ್ನು ತುಂಬಿದಾಗ ಹಿಂದಿನ ದನಿ ಒಂದಷ್ಟು ಉಳಿಯುವುದುಂಟು ಎಂದು ಕ್ಯಾಮರಾ ಕೊಟ್ಟವರು ಹೇಳಿದರು. ಗೆರೆ ತೋರಿಸಿದಾಗ ಮಾತ್ರ ಕೇಬಲ್ಲು ಸುತ್ತಿ ಎತ್ತಿಟ್ಟರು.

ಹೋಲಿಸಿ ನೋಡೋಣವೆಂದು ಮೊನ್ನೆ ಫೋನಿನಲ್ಲಿ ಅದೇ ಎರಡು ಪದ ಹೇಳಿ ರೆಕಾರ್ಡ್ ಮಾಡಿಕೊಂಡೆ. ಇನ್ನೂ ಕೇಳಿಲ್ಲ. ಅದರಲ್ಲಿ ಬಂಗಾರಮ್ಮನ ದನಿ ಬಂದರೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ.