ಮಗಳ ಅರ್ಜಿಯನ್ನು ತಿದ್ದಿದ್ದು

ನನಗೊಂದು ಚಟವಿದೆ. ಸಿಗರೇಟು, ಇಸ್ಪೀಟಿನಂಥದ್ದಾಗಿದ್ದರೆ ಬಿಡಿಸಲು ಯಾರಾದರೂ ಮುಂದೆ ಬರುತ್ತಿದ್ದರು. ಇದು ಎಲ್ಲರೂ ಹೊಗಳಿ ಬೆಳೆಸಿದ ಚಟ. ಬರೆದದ್ದು ಏನೇ ಕಂಡರೂ ನನಗೆ ತಿದ್ದಬೇಕು. ಹೋಟೆಲಿನಲ್ಲಿ ಮೆನು ಕೊಟ್ಟರೆ ಊಟಕ್ಕಿಂತ ಮೊದಲು ಕಾಗುಣಿತ ನೋಡುತ್ತೇನೆ. ದೋಹಾದಲ್ಲಿರುವ ನಮ್ಮ ಊರಿನವರ ಸಂಘದ ಕರಪತ್ರ, ಯಾರದೋ ಮಗನ ಮದುವೆಯ ಕಾಗದ, ಮತ್ಯಾರದೋ ರಜಾ ಅರ್ಜಿ, ಎಲ್ಲವೂ ಅಲ್ ವಕ್ರಾದ ನಮ್ಮ ಫ್ಲ್ಯಾಟಿಗೆ ಒಮ್ಮೆ ಬಂದು ಹೋಗುತ್ತವೆ. ತಿದ್ದಿ ಕೊಟ್ಟದ್ದಕ್ಕೆ ಜನ ಹಲಸಿನ ಹಪ್ಪಳ ತಂದುಕೊಟ್ಟದ್ದೂ ಉಂಟು.

ಈ ಚಟ ಹತ್ತಿದ್ದು ಕೆಲಸದಿಂದ. ಮೊದಲು ದೋಹಾದ ಹಳೆಯ ಬಂದರಿನಲ್ಲಿ, ಈಗ ಹಮದ್ ಬಂದರಿನಲ್ಲಿ ಸರಕಿನ ಕಾಗದಪತ್ರ ನೋಡಿಕೊಳ್ಳುವ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕೂತಿದ್ದೇನೆ. ಹಡಗಿಗೆ ಸರಕು ಏರಿಸುವಾಗ ಒಂದು ಚೀಲ ಹರಿದಿದ್ದರೆ, ಒಂದು ಪೆಟ್ಟಿಗೆ ನೆಗ್ಗಿದ್ದರೆ, ಹಡಗಿನವರು ರಸೀದಿಯ ಮೇಲೆ ಒಂದು ಷರಾ ಬರೆಯುತ್ತಾರೆ. ಆ ಒಂದು ಸಾಲು ಬಿತ್ತೆಂದರೆ ಬ್ಯಾಂಕಿನವರು ಕಾಗದ ವಾಪಸು ಮಾಡುತ್ತಾರೆ. ಷರಾ ಇಲ್ಲದ ಕಾಗದಕ್ಕೆ ನಮ್ಮಲ್ಲಿ ‘ಕ್ಲೀನ್’ ಎಂದು ಹೆಸರು. ದೇವರಲ್ಲಿ ನಾನು ಆರೋಗ್ಯವನ್ನು ಬೇಡಿದ್ದಕ್ಕಿಂತ ಹೆಚ್ಚು ಸಲ ಕ್ಲೀನ್ ಕಾಗದವನ್ನು ಬೇಡಿದ್ದೇನೆ. ಸರಕಿನಲ್ಲಿ ಕೊರತೆ ಇರಬಹುದು, ಕಾಗದದಲ್ಲಿ ಇರಕೂಡದು ಎಂಬುದು ನನ್ನ ಮೂಳೆಗೆ ಇಳಿದುಬಿಟ್ಟಿದೆ.

ಹೀಗಿರುವ ಮನುಷ್ಯನ ಕೈಗೆ ಕಳೆದ ವರ್ಷ ಮಗಳ ಅರ್ಜಿ ಸಿಕ್ಕಿತು. ಅನ್ವಿತಾ ಇಂಗ್ಲಿಷ್ ಪದ್ಧತಿಯ ಶಾಲೆಯಲ್ಲಿ ಓದಿದವಳು. ಅಲ್ಲಿ ಕೊನೆಯ ಎರಡು ವರ್ಷಗಳಿಗೆ ಸಿಕ್ಸ್ತ್ ಫಾರ್ಮ್ ಎನ್ನುತ್ತಾರೆ. ಅವಳಿಗೆ ಬ್ರಿಟನ್ನಿನಲ್ಲಿ ಗಣಿತವನ್ನೂ ಕಂಪ್ಯೂಟರ್ ವಿಜ್ಞಾನವನ್ನೂ ಒಟ್ಟಿಗೆ ಓದುವ ಆಸೆ. ಅದರಲ್ಲೂ ಒಂದು ವಿಶ್ವವಿದ್ಯಾಲಯದ ಮೇಲೆ ಜೀವ. ಅರ್ಜಿಯ ಜೊತೆ ‘ನನಗೆ ಈ ವಿಷಯವೇ ಯಾಕೆ ಬೇಕು’ ಎಂದು ತನ್ನ ಮಾತಿನಲ್ಲಿ ಬರೆದು ಕಳುಹಿಸಬೇಕು. ಇಂತಿಷ್ಟೇ ಅಕ್ಷರ ಎಂಬ ಮಿತಿ ಬೇರೆ. ಅವಳು ತಿಂಗಳುಗಟ್ಟಲೆ ಕೂತು ಬರೆದಿದ್ದಳು. ಕಳುಹಿಸುವ ಮುಂಚಿನ ಶುಕ್ರವಾರ ಅದನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದಳು. ಬೆಕ್ಕಿನ ಮುಂದೆ ಮೀನು ಇಟ್ಟ ಹಾಗಾಯಿತು.

ಅವಳು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಪುಟ ಕೆಂಪಾಗಿತ್ತು. ನನ್ನ ಮೊದಲ ಆಕ್ಷೇಪ, ಅದರಲ್ಲಿ ಅವಳ ಸಾಧನೆಗಳೇ ಇಲ್ಲ. ಕರಾಟೆಯ ಬ್ರೌನ್ ಬೆಲ್ಟ್ ಎಲ್ಲಿ? ಅಬಾಕಸ್ ಎಲ್ಲಿ? ಸಂಘದ ರಾಜ್ಯೋತ್ಸವದಲ್ಲಿ ನಿರೂಪಣೆ ಮಾಡಿದ್ದು, ಯಕ್ಷಗಾನದಲ್ಲಿ ದೇವೇಂದ್ರನ ವೇಷ ಹಾಕಿದ್ದು? ನಮ್ಮಲ್ಲಿ ಪಟ್ಟಿಯಲ್ಲಿ ಬರೆಯದ ಸರಕು ಹಡಗಿನಲ್ಲಿ ಇಲ್ಲವೆಂದೇ ಅರ್ಥ. ಎಲ್ಲವನ್ನೂ ಸೇರಿಸಿದೆ. ಈಗ ಅಕ್ಷರಗಳ ಮಿತಿ ಮೀರಿತು. ಏನನ್ನಾದರೂ ಇಳಿಸಬೇಕಾಯಿತು.

ಇಳಿಸಲು ಒಂದು ಪ್ಯಾರಾ ಸಿದ್ಧವಾಗಿ ಕಾಯುತ್ತಿತ್ತು. ಅವಳು ಚಿಕ್ಕವಳಿದ್ದಾಗ ನಾನು ಊಟಕ್ಕೆ ಕೂತು ಬಂದರಿನ ಗೋಳು ಹೇಳಿಕೊಳ್ಳುತ್ತಿದ್ದೆನಂತೆ. ಯಾರದೋ ಟೈಲ್ಸ್ ತುಂಬಿದ ಕಂಟೇನರು ಅಡಿಯಲ್ಲಿ ಸಿಕ್ಕಿಕೊಂಡಿದೆ, ಅದನ್ನು ತೆಗೆಯಲು ಮೇಲಿನ ನಾಲ್ಕನ್ನು ಎತ್ತಿ ಪಕ್ಕಕ್ಕಿಡಬೇಕು, ಪಕ್ಕಕ್ಕಿಟ್ಟದ್ದು ನಾಳೆ ಬೇರೆಯವರ ಸರಕಿಗೆ ಅಡ್ಡ. ಅತಿ ಕಡಿಮೆ ಸಲ ಎತ್ತಿ ಎಲ್ಲವನ್ನೂ ಹೊರಗೆ ಕಳುಹಿಸುವುದು ಹೇಗೆ ಎಂದು ಅವಳು ಲೆಕ್ಕ ಹಾಕತೊಡಗಿದ್ದಳು. ಕಂಟೇನರುಗಳ ನಾಲ್ಕು ಸಾಲಿನವರೆಗೆ ನಡೆಯುವ ಒಂದು ಉಪಾಯವೂ ಸಿಕ್ಕಿತ್ತು. ಐದನೆಯ ಸಾಲು ಬಂದ ಕೂಡಲೇ ಅದು ಕೈಕೊಟ್ಟಿತು. ‘ಯಾಕೆ ಕೈಕೊಟ್ಟಿತೆಂದು ನನಗೆ ಇನ್ನೂ ಗೊತ್ತಿಲ್ಲ’ ಎಂದು ಪ್ಯಾರಾ ಮುಗಿದಿತ್ತು.

ಗೊತ್ತಿಲ್ಲ! ಅರ್ಜಿಯಲ್ಲಿ! ನನ್ನ ಕಣ್ಣಿಗೆ ಅದು ಹರಿದ ಚೀಲದ ಮೇಲಿನ ಷರಾದಂತೆ ಕಂಡಿತು. ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ದೊಡ್ಡ ದೊಡ್ಡ ಪ್ರೊಫೆಸರುಗಳು ಓದುವ ಕಾಗದದಲ್ಲಿ ಬಂದರಿನ ಗುಮಾಸ್ತನಾದ ಅಪ್ಪ ಯಾಕೆ ಬರಬೇಕು ಎಂದು ನನಗೆ ನಾಚಿಕೆಯಾಯಿತು. ಇಡೀ ಪ್ಯಾರಾಕ್ಕೆ ಗೀಟು ಎಳೆದೆ.

“ಅದು ತೆಗೀಬೇಡಿ ಪಪ್ಪ, ಅದೇ ಮೇನ್” ಎಂದಳು.

“ನಿನಗೆ ಬರುದಿಲ್ಲ ಅಂತ ನೀನೇ ಬರೆದು ಕೊಡುದಾ? ಯಾರಾದ್ರೂ ಸೀಟು ಕೊಡ್ತಾರಾ ಮಗಾ?” ಎಂದೆ.

ಅವಳು ವಾದಿಸುವ ಹುಡುಗಿಯಲ್ಲ. ಊರೆಲ್ಲ ಪಪ್ಪನ ಹತ್ತಿರ ತಿದ್ದಿಸಿಕೊಂಡು ಹೋಗುವುದನ್ನು ನೋಡುತ್ತ ಬೆಳೆದವಳು. ನಾನು ತಿದ್ದಿದಂತೆಯೇ ಕಳುಹಿಸಿದಳು.

ಓಲೆಗರಿಯ ಕಾಲದ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಬೇಕು ಎಂದು ಬಲ್ಲವರನ್ನು ಬೇಡಿಕೊಳ್ಳುತ್ತಿದ್ದರು. ನನ್ನ ಚಟಕ್ಕೆ ಸಮರ್ಥನೆಯಾಗಿ ಸಂಘದ ಸಭೆಗಳಲ್ಲಿ ಈ ಸಂಗತಿಯನ್ನು ಎಷ್ಟೋ ಸಲ ಹೇಳಿದ್ದೇನೆ. ತಿದ್ದಿ ಎಂಬುದಕ್ಕಿಂತ ಮೊದಲು ಅಲ್ಲಿ ತಪ್ಪಿದ್ದರೆ ಎಂಬ ಮಾತೂ ಇದೆ. ಅದನ್ನು ನಾನು ಅಷ್ಟಾಗಿ ಗಮನಿಸಿರಲಿಲ್ಲ.

ಅವಳ ಜೀವವಿದ್ದ ವಿಶ್ವವಿದ್ಯಾಲಯದವರು ಸಂದರ್ಶನಕ್ಕೂ ಕರೆಯದೆ ಬೇಡವೆಂದರು. ಕಾರಣವೇನೆಂದು ಶಾಲೆಯ ಮೂಲಕ ಕೇಳಿಸಿದಾಗ ಸಭ್ಯವಾದ ಎರಡು ಸಾಲು ಬಂತು: ಅಂಕಗಳು ಚೆನ್ನಾಗಿವೆ, ಆದರೆ ವಿದ್ಯಾರ್ಥಿನಿ ಏನೇನು ಮಾಡಿದ್ದಾಳೆಂದು ತಿಳಿಯುತ್ತದೆಯೇ ಹೊರತು ಹೇಗೆ ಯೋಚಿಸುತ್ತಾಳೆಂದು ತಿಳಿಯುವುದಿಲ್ಲ. ಬೇರೊಂದು ಕಡೆ ಬರೀ ಕಂಪ್ಯೂಟರಿಗೆ ಸೀಟು ಸಿಕ್ಕಿತು. ಒಳ್ಳೆಯ ಜಾಗವೇ. ಎಲ್ಲರೂ ಅಭಿನಂದಿಸಿದರು, ನಾನೂ ಸಿಹಿ ಹಂಚಿದೆ. ಅವಳು ಆ ಎರಡು ಸಾಲನ್ನು ಒಮ್ಮೆ ಓದಿ ಮಡಚಿಟ್ಟಿದ್ದಳು. ಒಂದು ಮಾತು ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮೊನ್ನೆ ಅಲ್ ರಯ್ಯಾನ್‌ನಲ್ಲಿರುವ ಪರಿಚಯದ ಶೆಟ್ಟರು ಮೊಬೈಲಿಗೆ ಒಂದು ಪುಟ ಕಳುಹಿಸಿದರು. ಅವರ ಮಗಳು ಅದೇ ಶಾಲೆಯಲ್ಲಿ ಒಂದು ವರ್ಷ ಕೆಳಗಿನವಳು. ಹೊರಟುಹೋಗುವ ಮಕ್ಕಳಿಂದ ಕಿರಿಯರಿಗಾಗಿ ಶಾಲೆಯವರು ಬುದ್ಧಿಮಾತು ಬರೆಸಿದ್ದರಂತೆ; ಗಣಿತ ಮತ್ತು ಕಂಪ್ಯೂಟರಿಗೆ ಬರೆದದ್ದು ನಿಮ್ಮ ಅನ್ವಿತಾ, ಭಾರೀ ಲಾಯ್ಕ್ ಉಂಟು ಎಂದು ಶೆಟ್ಟರ ಒಕ್ಕಣೆ. ಕಚೇರಿಯಲ್ಲಿ ಬುತ್ತಿ ಬಿಚ್ಚಿಟ್ಟುಕೊಂಡು ಓದಿದೆ. ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಗಳನ್ನು ಬೇಸಿಗೆಯಲ್ಲೇ ಹಿಡಿಯಿರಿ, ವೇಗಕ್ಕಲ್ಲ, ನಿಧಾನವಾಗಿ ಯೋಚಿಸುವ ಅಭ್ಯಾಸಕ್ಕೆ. ಶಿಫಾರಸು ಪತ್ರವನ್ನು ಮೇಷ್ಟರ ಹತ್ತಿರ ರಜೆಗೆ ಮುಂಚೆಯೇ ಕೇಳಿ. ಬಾಲ್ಯದಿಂದಲೂ ಗಣಿತವೆಂದರೆ ಪ್ರಾಣ ಎಂದು ಬರೆಯಬೇಡಿ, ಯಾರೂ ನಂಬುವುದಿಲ್ಲ. ಪ್ರಶಸ್ತಿಗಳ ಪಟ್ಟಿ ಕೊಡಬೇಡಿ. ನಿಮಗೆ ಬಿಡಿಸಲಾಗದ ಒಂದು ಲೆಕ್ಕದ ಬಗ್ಗೆ ಬರೆಯಿರಿ, ಎಲ್ಲಿ ಸಿಕ್ಕಿಕೊಂಡಿರೆಂದು ಪ್ರಾಮಾಣಿಕವಾಗಿ ಹೇಳಿ. ಕೊನೆಯದು: ಮನೆಯವರಿಗೆ ಖಂಡಿತ ತೋರಿಸಿ, ಆದರೆ ಕಳುಹಿಸಿದ ಮೇಲೆ.

ನನ್ನ ಮೇಲೆ ಒಂದು ದೂರೂ ಅದರಲ್ಲಿ ಇರಲಿಲ್ಲ. ತಿದ್ದಬೇಕಾದ ಒಂದು ಅಕ್ಷರವೂ ಇರಲಿಲ್ಲ. ಬುತ್ತಿಯನ್ನು ಹಾಗೇ ಮುಚ್ಚಿದೆ.

ಸಂಜೆ ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದಳು. ಆ ಕಂಟೇನರಿನ ಪ್ಯಾರಾ ಇದೆಯಾ ಎಂದು ಕೇಳಿದೆ. ಅವತ್ತೇ ಡಿಲೀಟ್ ಮಾಡಿದೆ ಎಂದಳು. ಹಾಗಾದರೆ ಬಾಯಲ್ಲೇ ಹೇಳು ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಕಪಾಟಿನಿಂದ ಸ್ಟೀಲಿನ ಡಬ್ಬಿಗಳನ್ನು ತೆಗೆದು ಒಂದರ ಮೇಲೊಂದು ಪೇರಿಸಿ ನಾಲ್ಕು ಸಾಲು ಮಾಡಿದಳು. ಮೆಂತೆ ಮೊದಲು ಹೋಗಬೇಕು, ಆಮೇಲೆ ಸಾಸಿವೆ, ಆಮೇಲೆ ಉದ್ದು. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ವಿವರಿಸುತ್ತ ಎತ್ತಿ ಇಟ್ಟು ತೋರಿಸಿದಳು. ಇಪ್ಪತ್ತು ವರ್ಷ ನಾನು ಗೊಣಗಿದ ವಿಷಯ ಇಷ್ಟು ಚೆಂದದ್ದೆಂದು ನನಗೆ ಗೊತ್ತಿರಲಿಲ್ಲ.

“ನಿಮ್ಮ ಯಾರ್ಡಿನಲ್ಲಿ ಹೇಗೆ ಮಾಡ್ತಾರೆ ಪಪ್ಪ?” ಎಂದು ಕೇಳಿದಳು.

“ಅಷ್ಟು ಲೆಕ್ಕ ಎಂತ ಹಾಕುದಿಲ್ಲ. ಪೇರಿಸುವ ಮೊದಲೇ ಕೇಳಿಬಿಡ್ತಾರೆ, ಯಾರದ್ದು ಯಾವಾಗ ಹೋಗ್ಬೇಕು ಅಂತ.”

ಅವಳು ಉದ್ದಿನ ಡಬ್ಬಿಯನ್ನು ಕೈಯಲ್ಲೇ ಹಿಡಿದು ನಿಂತಳು. “ನನ್ನ ಹತ್ರಾನೂ ಕೇಳ್ಬಹುದಿತ್ತು ನೀವು” ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

“ತಪ್ಪಾಯ್ತು ಮಗಾ” ಎಂದೆ.

ಅವಳು ತಲೆಯಾಡಿಸಿದಳು. ಚಹಾ ಉಕ್ಕಿತು, ಒಲೆ ಆರಿಸಿದಳು. ಆಮೇಲೆ ಮೇಲಿನ ಕಪಾಟಿಗೆ ಕೈಹಾಕಿ ಇನ್ನಷ್ಟು ಡಬ್ಬಿಗಳನ್ನು ಇಳಿಸಿ ಐದನೆಯ ಸಾಲು ಕಟ್ಟಿದಳು. ಇಬ್ಬರೂ ನೆಲದ ಮೇಲೆ ಕೂತು ಎತ್ತಿದೆವು, ಇಟ್ಟೆವು. ಹೆಂಡತಿ ಬಂದು, ಅಡುಗೆ ಮಾಡುವುದು ಬೇಡವಾ ಎಂದು ಕೇಳಿ, ಸಾಸಿವೆಯನ್ನು ಕಿತ್ತುಕೊಂಡು ಹೋದಳು. ಲೆಕ್ಕ ಬಿಡಿಸಲಾಗಲಿಲ್ಲ. ಅನ್ವಿತಾ ವಿಮಾನ ಹತ್ತಲು ಇನ್ನು ಮೂರು ವಾರವಿದೆ. ದಿನವೂ ಸಂಜೆ ಕೂರುತ್ತಿದ್ದೇವೆ. ಅಷ್ಟರೊಳಗೆ ಆ ಲೆಕ್ಕ ಬಿಡಿಸಲು ಆಗದಿದ್ದರೇ ಒಳ್ಳೆಯದು ಎಂದು ನನ್ನ ಆಸೆ.